ನಿಲ್ಲದೆ ತಿರುಗುವ ರೇಡಿಯೇಟರ್ ಫ್ಯಾನ್: ಅದಕ್ಕೆ ಆರ್ಡರ್ ಕೊಡುತ್ತಿರುವುದು ಯಾರು ಅಂತ ಹುಡುಕುವ ದಾರಿ

ಬೆಳಗ್ಗೆ ಕೀ ತಿರುಗಿಸಿದ ಕೂಡಲೇ ಬಾನೆಟ್ ಒಳಗಿಂದ ಜೋರು ಸದ್ದು. ಇಂಜಿನ್ ಇನ್ನೂ ತಣ್ಣಗಿದೆ, ಏಸಿ ಹಾಕಿಲ್ಲ, ಆದರೂ ಫ್ಯಾನ್ ತಿರುಗುತ್ತಿದೆ. ಇನ್ನು ಕೆಲವರಿಗೆ ತೊಂದರೆ ಸಂಜೆ. ಕಾರು ಲಾಕ್ ಮಾಡಿ ಮನೆಯೊಳಗೆ ಹೋಗಿ ಅರ್ಧ ಗಂಟೆಯಾದರೂ ಫ್ಯಾನ್ ನಿಂತಿರುವುದಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ ಒಬ್ಬರು ಮೋಟರ್ ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಸೆನ್ಸರ್ ಹೋಗಿದೆ ಅನ್ನುತ್ತಾರೆ. ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ.

ಫ್ಯಾನ್ ತಾನಾಗಿ ತಿರುಗುವುದಿಲ್ಲ. ಮೋಟರಿಗೆ ಕರೆಂಟ್ ಬಂದರೆ ತಿರುಗುತ್ತದೆ, ನಿಂತರೆ ನಿಲ್ಲುತ್ತದೆ. ಮೋಟರ್ ಕೆಟ್ಟರೆ ಅದು ತಿರುಗುವುದಿಲ್ಲ ಅಥವಾ ಕಿರುಗುಟ್ಟುತ್ತದೆ, ಅಷ್ಟೇ. ಹಾಗಾಗಿ ನಿಲ್ಲದ ಫ್ಯಾನಿಗೆ ಹೊಸ ಮೋಟರ್ ಹಾಕಿಸುವುದು ಬಹುತೇಕ ಸಲ ದಂಡ. ಕೇಳಬೇಕಾದ ಪ್ರಶ್ನೆ ಒಂದೇ: ಈ ಫ್ಯಾನಿಗೆ ಆರ್ಡರ್ ಕೊಡುತ್ತಿರುವುದು ಯಾರು? ನಿಜವಾಗಿಯೂ ಇಂಜಿನ್ ಬಿಸಿಯಾಗಿದೆಯಾ? ಏಸಿ ಕೇಳುತ್ತಿದೆಯಾ? ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿದೆಯಾ? ಅಥವಾ ಯಾರೂ ಕೇಳದೆಯೇ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಸೇರಿಸುವ ಸ್ವಿಚ್, ಅಂಟಿಕೊಂಡು ಕುಳಿತಿದೆಯಾ? ಈ ಬರಹದ ಎಲ್ಲಾ ಪರೀಕ್ಷೆಗಳೂ ಇದನ್ನು ಪತ್ತೆ ಮಾಡುವುದಕ್ಕೇ.

ಆರ್ಡರ್ ಹೋಗುವ ದಾರಿ

ಇಂಜಿನ್‌ನ ಕೂಲೆಂಟ್ ಹರಿಯುವ ಜಾಗದಲ್ಲಿ, ಹೆಚ್ಚಾಗಿ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಪಕ್ಕದಲ್ಲಿ, ಒಂದು ಟೆಂಪರೇಚರ್ ಸೆನ್ಸರ್ ಇರುತ್ತದೆ. ಅದು ಹೇಳುವ ಬಿಸಿಯನ್ನು ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಓದುತ್ತದೆ. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಥರ್ಮೋಸ್ಟಾಟ್ 82ರಿಂದ 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯುತ್ತದೆ. ಫ್ಯಾನ್ 95ರಿಂದ 100ರ ಹತ್ತಿರ ಶುರುವಾಗಿ, ನಾಲ್ಕೈದು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. ನಿಮ್ಮ ಕಾರಿನ ಲೆಕ್ಕ ಸ್ವಲ್ಪ ಆಚೀಚೆ ಇರಬಹುದು.

ಇಸಿಯು ನೇರವಾಗಿ ಫ್ಯಾನಿಗೆ ಕರೆಂಟ್ ಕೊಡುವುದಿಲ್ಲ. ಅದು ರಿಲೇಯ ಕಾಯಿಲ್‌ಗೆ ಅರ್ತ್ ಕೊಡುತ್ತದೆ, ರಿಲೇ ಬ್ಯಾಟರಿಯ ದಪ್ಪ ಲೈನನ್ನು ಫ್ಯಾನಿಗೆ ಜೋಡಿಸುತ್ತದೆ. ಏಸಿ ಹಾಕಿದಾಗ ಅಥವಾ ಏಸಿ ಗ್ಯಾಸಿನ ಒತ್ತಡ ಏರಿದಾಗಲೂ ಇದೇ ದಾರಿಯಲ್ಲಿ ಆರ್ಡರ್ ಬರುತ್ತದೆ. ಹೊಸ ಕಾರುಗಳಲ್ಲಿ ರಿಲೇ ಜಾಗದಲ್ಲಿ ಒಂದು ಕಂಟ್ರೋಲ್ ಮಾಡ್ಯೂಲ್ ಇದ್ದು, ವೇಗವನ್ನು ಹಂತ ಹಂತವಾಗಿ ಏರಿಸಿ ಇಳಿಸುತ್ತದೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಒಂದು ಸಂಗತಿ ಗಮನದಲ್ಲಿರಲಿ. ಸೆನ್ಸರ್ ಲೈನ್ ತುಂಡಾದರೆ ಅಥವಾ ಶಾರ್ಟ್ ಆದರೆ ಇಸಿಯುಗೆ ಇಂಜಿನ್ ಎಷ್ಟು ಬಿಸಿ ಅಂತ ಗೊತ್ತಾಗುವುದಿಲ್ಲ. ಆಗ ಅದು ಅಪಾಯ ಬೇಡ ಅಂತ ಫ್ಯಾನನ್ನು ಸದಾ ಚಾಲೂ ಇಡುತ್ತದೆ. ಅಂದರೆ ನಿಮಗೆ ಕಿರಿಕಿರಿ ಅನ್ನಿಸುವ ಆ ಸದ್ದು ಎಷ್ಟೋ ಸಲ ಇಂಜಿನ್ ಉಳಿಸಲು ಮಾಡಿರುವ ವ್ಯವಸ್ಥೆ. ಅದಕ್ಕೇ, ಕಾರಣ ತಿಳಿಯುವ ಮೊದಲು ಫ್ಯಾನ್ ಫ್ಯೂಸ್ ಕಿತ್ತು ಓಡಿಸಬೇಡಿ.

ಇವು ಸಮಸ್ಯೆಯೇ ಅಲ್ಲ

ಏಸಿ ಹಾಕಿದಾಗ ಫ್ಯಾನ್ ತಿರುಗುವುದು ಸಹಜ. ಆದರೆ ಮಳೆಗಾಲದಲ್ಲಿ ಮುಂದಿನ ಗಾಜಿನ ಮಂಜು ತೆಗೆಯುವ ಬಟನ್ ಒತ್ತಿದಾಗಲೂ ಹಲವು ಕಾರುಗಳಲ್ಲಿ ಏಸಿ ಕಂಪ್ರೆಸರ್ ತಾನಾಗಿ ಚಾಲೂ ಆಗುತ್ತದೆ, ಏಸಿ ಲೈಟ್ ಉರಿಯದೇ ಇದ್ದರೂ. ಮಲೆನಾಡು, ಕರಾವಳಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಎಷ್ಟೋ ಜನ ಆ ನಾಬನ್ನು ಗಾಜಿನ ಗುರುತಿನ ಮೇಲೇ ಬಿಟ್ಟಿರುತ್ತಾರೆ. ಮೊದಲು ಅದನ್ನು ಮುಖದ ಕಡೆಗೆ ತಿರುಗಿಸಿ, ಏಸಿ ಪೂರ್ತಿ ಆಫ್ ಮಾಡಿ ನೋಡಿ. ಆಟೋ ಕ್ಲೈಮೇಟ್ ಇದ್ದರೆ ಆಟೋ ತೆಗೆಯಿರಿ.

ಆಗುಂಬೆ ಅಥವಾ ಚಾರ್ಮಾಡಿ ಘಾಟಿ ಹತ್ತಿ ನಿಲ್ಲಿಸಿದಾಗ, ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಫ್ಯಾನ್ ತುಂಬಾ ಹೊತ್ತು ತಿರುಗುವುದೂ ಸರಿಯೇ. ಕೀ ತೆಗೆದ ಮೇಲೆ ಕೆಲವು ನಿಮಿಷ ತಿರುಗಿ ತಾನೇ ನಿಲ್ಲುವ ಹಾಗೆ ಹಲವು ಕಾರುಗಳನ್ನು ಮಾಡಿದ್ದಾರೆ, ಟರ್ಬೋ ಇಂಜಿನ್‌ಗಳಲ್ಲಿ ಇದು ಜಾಸ್ತಿ. ಹತ್ತು ನಿಮಿಷ ದಾಟಿದರೆ ಅನುಮಾನ ಪಡಬೇಕು.

ಡೀಸೆಲ್ ಕಾರಿನವರು ಇನ್ನೊಂದು ವಿಷಯ ತಿಳಿದಿರಬೇಕು. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಇಂಜಿನ್ ಅದನ್ನು ಸುಟ್ಟು ಖಾಲಿ ಮಾಡುತ್ತದೆ. ಆ ಹತ್ತಿಪ್ಪತ್ತು ನಿಮಿಷ ಫ್ಯಾನ್ ಜೋರಾಗಿ ತಿರುಗಬಹುದು, ಐಡ್ಲಿಂಗ್ ಸ್ವಲ್ಪ ಏರಬಹುದು, ಬಿಸಿ ಲೋಹದ ವಾಸನೆ ಬರಬಹುದು. ನಡುವೆ ಕಾರು ಆಫ್ ಮಾಡಿದರೆ ಫ್ಯಾನ್ ಸುಮಾರು ಹೊತ್ತು ಮುಂದುವರಿಯುತ್ತದೆ. ದಿನಾ ಅಲ್ಲದೆ ಆಗಾಗ ಮಾತ್ರ ಹೀಗಾಗುತ್ತಿದ್ದರೆ ಬಹುಶಃ ಇದೇ ಕಾರಣ. ಡಿಪಿಎಫ್ ಲೈಟ್ ಹೊತ್ತಿದರೆ ಹೈವೇಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಬೇಕು. ಬರೀ ಮನೆ, ಶಾಲೆ, ಅಂಗಡಿ ಅಂತ ಎರಡು ಮೂರು ಕಿಲೋಮೀಟರ್ ಓಡಿಸುವವರಿಗೆ ಈ ತೊಂದರೆ ಪದೇ ಪದೇ ಬರುತ್ತದೆ.

ಕೈ ಹಾಕುವ ಮೊದಲು

ಎಲೆಕ್ಟ್ರಿಕ್ ಫ್ಯಾನ್ ಕೀ ತೆಗೆದಿದ್ದರೂ ಯಾವಾಗ ಬೇಕಾದರೂ ಶುರುವಾಗಬಹುದು. ಫ್ಯಾನ್ ಹತ್ತಿರ ಕೈ ಹಾಕಬೇಕಾದರೆ ಬ್ಯಾಟರಿಯ ನೆಗೆಟಿವ್ ತೆಗೆದೇ ಹಾಕಿ. ದುಪಟ್ಟಾ, ಶಲ್ಯ, ಕೊರಳ ಸರ, ಸಡಿಲ ತೋಳು ಯಾವುದೂ ನೇತಾಡಬಾರದು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗೆ ಒತ್ತಡವಿರುತ್ತದೆ. ತೆರೆದ ಕ್ಷಣಕ್ಕೆ ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ, ಬಟ್ಟೆ ಸುತ್ತಿ ತೆರೆದರೂ ಅಷ್ಟೇ. ಚೆಲ್ಲಿದ ಕೂಲೆಂಟನ್ನು ಕೂಡಲೇ ತೊಳೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ನಾಯಿ ಬೆಕ್ಕು ನೆಕ್ಕಬಹುದು. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ವೈರುಗಳ ಹತ್ತಿರ ಹೋಗಬೇಡಿ.

ಸಾಮಾನು ಜಾಸ್ತಿ ಬೇಡ. ಒಂದು ಸಾಧಾರಣ ಮಲ್ಟಿಮೀಟರ್, ಟಾರ್ಚ್, ರಿಲೇ ಕೀಳಲು ಇಕ್ಕಳ, ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಓಬಿಡಿ ಸ್ಕ್ಯಾನರ್, ಅಂದರೆ ಇಸಿಯು ಕಾಣುವ ಅಂಕಿಗಳನ್ನು ಓದಿ ತೋರಿಸುವ ಸಾಧನ. ಸ್ಟೀರಿಂಗ್ ಕೆಳಗೆ 16 ಪಿನ್‌ನ ಓಬಿಡಿ ಪ್ಲಗ್ ಇರುವ ಕಾರಿಗೆ ಈ ಸ್ಕ್ಯಾನರ್ ಕೊಳ್ಳುವುದು ಲಾಭದ ಬಾಬತ್ತು. ಒಂದು ಅನಗತ್ಯ ಸೆನ್ಸರ್ ಬದಲಾಯಿಸುವುದು ತಪ್ಪಿದರೆ ಅದರ ದುಡ್ಡು ಬಂದ ಹಾಗೆ.

ಬೆಳಗಿನ ಪರೀಕ್ಷೆ

ಅರ್ಧ ಉತ್ತರ ಇಲ್ಲೇ ಸಿಗುತ್ತದೆ, ಹಾಗಾಗಿ ಅವಸರ ಮಾಡಬೇಡಿ. ರಾತ್ರಿಯಿಡೀ ನಿಂತ ಕಾರು ಬೇಕು. ಮಧ್ಯಾಹ್ನ ಬಿಸಿಯಾಗಿರುವಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲು ಕೀ ಹಾಕದೆ ಬಾನೆಟ್ ತೆಗೆದು ಕೇಳಿ. ಕೀ ಇಲ್ಲದೆ, ತಣ್ಣಗಿನ ಇಂಜಿನ್‌ನಲ್ಲಿ ಫ್ಯಾನ್ ತಿರುಗುತ್ತಿದ್ದರೆ ಬಿಸಿಗೂ ಅದಕ್ಕೂ ಸಂಬಂಧವಿಲ್ಲ. ರಿಲೇ ಅಂಟಿದೆ, ವೈರ್ ಶಾರ್ಟ್ ಆಗಿದೆ, ಅಥವಾ ಯಾರೋ ಫ್ಯಾನನ್ನು ಬ್ಯಾಟರಿಗೆ ಡೈರೆಕ್ಟ್ ಮಾಡಿದ್ದಾರೆ. ರಾತ್ರಿಯಿಡೀ ತಿರುಗಿ ಬ್ಯಾಟರಿಯೇ ಸತ್ತಿದ್ದರೆ ಸಂಜೆ ನೋಡಿದ್ದನ್ನೇ ನೆನಪಿಸಿಕೊಳ್ಳಿ.

ಎರಡನೆಯದಾಗಿ ಏಸಿ, ಬ್ಲೋವರ್ ಎಲ್ಲಾ ಆಫ್ ಇಟ್ಟು ಕೀಯನ್ನು ಆನ್ ತನಕ ಮಾತ್ರ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಈಗ ಫ್ಯಾನ್ ಶುರುವಾದರೆ, ಯಾರೂ ಅದನ್ನು ಇಗ್ನಿಷನ್ ಲೈನಿಗೆ ನೇರ ಸೇರಿಸಿಲ್ಲದಿದ್ದರೆ, ಇಸಿಯು ಆರ್ಡರ್ ಕೊಡುತ್ತಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ಸೆನ್ಸರ್ ಅಥವಾ ಅದರ ಲೈನ್ ಮೇಲೆ ಮೊದಲ ಅನುಮಾನ. ಕೆಲವು ಕಾರುಗಳು ಸ್ಟಾರ್ಟ್ ಮಾಡಿದ ಮೇಲೆಯೇ ಫ್ಯಾನಿಗೆ ಆರ್ಡರ್ ಕೊಡುತ್ತವೆ, ಆದ್ದರಿಂದ ಸ್ಟಾರ್ಟ್ ಮಾಡಿದ ಮೊದಲ ನಿಮಿಷವನ್ನೂ ಗಮನಿಸಿ.

ಮೂರನೆಯದು, ತಣ್ಣಗಿದ್ದಾಗ ಸುಮ್ಮನಿದ್ದು, ಇಂಜಿನ್ ಬಿಸಿಯಾದ ಮೇಲೆ ಶುರುವಾಗಿ ಮತ್ತೆ ನಿಲ್ಲದೇ ಇರುವುದು. ಇದರಲ್ಲಿ ಇಂಜಿನ್ ನಿಜವಾಗಿಯೂ ಬಿಸಿ ಆಗುತ್ತಿರಬಹುದು. ಇದೇ ಹೆಚ್ಚು ಅಪಾಯದ್ದು. ಜನ ಹೆಚ್ಚಾಗಿ ಕಡೆಗಣಿಸುವುದೂ ಇದನ್ನೇ, ಯಾಕೆಂದರೆ ಫ್ಯಾನ್ ತಿರುಗುತ್ತಿದೆಯಲ್ಲ, ಎಲ್ಲಾ ಸರಿ ಇದೆ ಅನ್ನಿಸುತ್ತದೆ.

ಕೆಲವು ಸ್ಕ್ಯಾನರ್ ಆ್ಯಪ್‌ಗಳಲ್ಲಿ ಫ್ಯಾನ್ ಕಮಾಂಡ್ ಆನ್ ಅಥವಾ ಆಫ್ ಅಂತಲೇ ಕಾಣುತ್ತದೆ. ಕಮಾಂಡ್ ಆಫ್ ಇದ್ದೂ ಫ್ಯಾನ್ ತಿರುಗುತ್ತಿದ್ದರೆ ತಪ್ಪು ಇಸಿಯುನಿಂದ ಕೆಳಗೆ: ರಿಲೇ, ಮಾಡ್ಯೂಲ್, ವೈರ್. ಕಮಾಂಡ್ ಆನ್ ಇದ್ದರೆ ತಪ್ಪು ಮೇಲೆ: ಸೆನ್ಸರ್, ಏಸಿ ಅಥವಾ ನಿಜವಾದ ಬಿಸಿ.

ಕೀ ಇಲ್ಲದೆಯೂ ತಿರುಗಿದರೆ: ರಿಲೇ

ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸ್ ತೆರೆಯಿರಿ. ಮುಚ್ಚಳದ ಒಳಮೈಯಲ್ಲಿ ಯಾವ ರಿಲೇ ಯಾವುದಕ್ಕೆ ಅಂತ ಚಿತ್ರ ಇರುತ್ತದೆ. ರೇಡಿಯೇಟರ್ ಫ್ಯಾನ್, ಕೂಲಿಂಗ್ ಫ್ಯಾನ್ ಅಥವಾ ಚುಟುಕಾಗಿ ಸಿ/ಫ್ಯಾನ್ ಅಂತ ಬರೆದಿರುವುದನ್ನು ಹುಡುಕಿ. ಎರಡು ವೇಗದ ಫ್ಯಾನಿಗೆ ಎರಡು ಅಥವಾ ಮೂರು ರಿಲೇ ಇರಬಹುದು.

ಫ್ಯಾನ್ ತಿರುಗುತ್ತಿರುವಾಗಲೇ ಆ ರಿಲೇಯನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಫ್ಯಾನ್ ನಿಂತಿತಾ? ಹಾಗಾದರೆ ಕರೆಂಟ್ ರಿಲೇ ಮೂಲಕವೇ ಹೋಗುತ್ತಿತ್ತು. ನಿಲ್ಲಲಿಲ್ಲವಾ? ಇರುವ ಫ್ಯಾನ್ ರಿಲೇಗಳನ್ನೆಲ್ಲಾ ಒಂದೊಂದಾಗಿ ಕಿತ್ತರೂ ನಿಲ್ಲದಿದ್ದರೆ ಬೇರೆ ಎಲ್ಲಿಂದಲೋ ಲೈನ್ ಸೇರಿದೆ. ಮೋಟರಿನ ಪ್ಲಗ್‌ನಿಂದ ಹಿಂದಕ್ಕೆ ವೈರ್ ಹಿಡಿದು ಹೋಗಬೇಕು.

ಕಿತ್ತ ರಿಲೇ ಕೈಯಲ್ಲಿ ಹಿಡಿದು ನೋಡಿ. ಕಾಲುಗಳ ಪಕ್ಕದಲ್ಲಿ 30, 87, 85, 86 ಅಂತ ನಂಬರ್ ಇರುತ್ತದೆ. 30 ಬ್ಯಾಟರಿಯ ಲೈನ್, 87 ಫ್ಯಾನಿಗೆ ಹೋಗುವುದು, 85 ಮತ್ತು 86 ಕಾಯಿಲ್. ನಂಬರ್ ಇಲ್ಲದಿದ್ದರೆ ಮೈಮೇಲೆ ಚಿಕ್ಕ ಚಿತ್ರ ಇರುತ್ತದೆ. ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ 30ಕ್ಕೂ 87ಕ್ಕೂ ಮುಟ್ಟಿಸಿ. ಬೀಪ್ ಬರಲೇಬಾರದು. ಬಂದರೆ ಒಳಗಿನ ಕಾಂಟ್ಯಾಕ್ಟ್ ಕರಗಿ ಅಂಟಿದೆ. ಬೆರಳಿನಿಂದ ತಟ್ಟಿದಾಗ ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ, ಆದರೆ ಅದನ್ನು ಮತ್ತೆ ನಂಬಬೇಡಿ, ಹೊಸದು ಹಾಕಿ. 85-86 ನಡುವೆ ಸಾಮಾನ್ಯವಾಗಿ 60ರಿಂದ 120 ಓಮ್ ಬರುತ್ತದೆ. ಅಲ್ಲಿಗೆ 12 ವೋಲ್ಟ್ ಕೊಟ್ಟರೆ ಟಿಕ್ ಅನ್ನಬೇಕು, ತೆಗೆದರೆ ಇನ್ನೊಮ್ಮೆ ಟಿಕ್. ಎರಡನೇ ಟಿಕ್ ಕೇಳದಿದ್ದರೆ ಅದೇ ಕಳ್ಳ.

ಮೀಟರ್ ಇಲ್ಲದವರು ಅದೇ ಪಾರ್ಟ್ ನಂಬರಿನ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನ್‌ನದು, ಹಾಕಿ ನೋಡಬಹುದು. ಆಕಾರ ಒಂದೇ ಅಂತ ಯಾವುದೋ ರಿಲೇ ಹಾಕಬೇಡಿ. ಮೈಮೇಲಿನ ನಂಬರೂ ಆಂಪಿಯರೂ ಒಂದೇ ಇರಬೇಕು.

ಇಷ್ಟಕ್ಕೇ ಬಿಡಬೇಡಿ. ರಿಲೇ ಯಾಕೆ ಅಂಟಿತು? ಮೋಟರಿನ ಬುಷ್ ಸವೆದು ಬಿಗಿಯಾದರೆ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಆಗ ಹೊಸ ರಿಲೇಯೂ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಬ್ಯಾಟರಿ ನೆಗೆಟಿವ್ ತೆಗೆದು ಫ್ಯಾನಿನ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿ ನಿಧಾನಕ್ಕೆ ನಿಲ್ಲಬೇಕು. ಕೆರೆದ ಸದ್ದು ಬಂದರೆ, ಆಚೀಚೆ ಅಲ್ಲಾಡಿದರೆ, ಆಗ ಮೋಟರ್ ಹಾಕಿಸುವುದರಲ್ಲಿ ಅರ್ಥವಿದೆ. ಸಾಕೆಟ್‌ನ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಅಲ್ಲಿಯ ಟರ್ಮಿನಲ್ ಸಡಿಲವಾಗಿದೆ, ಅದನ್ನೂ ಸರಿಪಡಿಸಬೇಕು.

ರಿಲೇ ಕಿತ್ತಾಗ ನಿಂತು, ಹೊಸ ರಿಲೇ ಹಾಕಿದ ಕೂಡಲೇ ಮತ್ತೆ ತಿರುಗಿದರೆ ಕಾಯಿಲ್‌ಗೆ ಆರ್ಡರ್ ಬರುತ್ತಿದೆ. ರಿಲೇ ಕಿತ್ತು ಸಾಕೆಟ್‌ನ 85-86 ತೂತುಗಳ ನಡುವೆ ವೋಲ್ಟ್ ನೋಡಿ. ತಣ್ಣಗಿನ ಇಂಜಿನ್, ಏಸಿ ಆಫ್ ಇದ್ದೂ 12 ವೋಲ್ಟ್ ಬಂದರೆ ಒಂದೋ ಇಸಿಯು ಕೇಳುತ್ತಿದೆ, ಇಲ್ಲವೋ ಕಂಟ್ರೋಲ್ ವೈರ್ ಎಲ್ಲೋ ಕಾರಿನ ಬಾಡಿಯ ಲೋಹಕ್ಕೆ ತಾಗಿ ಅರ್ತ್ ಆಗಿದೆ. ಸ್ಕ್ಯಾನರ್‌ನಲ್ಲಿ ಕಮಾಂಡ್ ಆಫ್ ಇದ್ದು ಇಲ್ಲಿ 12 ವೋಲ್ಟ್ ಇದ್ದರೆ ವೈರ್ ಮೇಲೆ ಅನುಮಾನ. ಇಲಿ ಕಡಿದಿರುವ ಸಾಧ್ಯತೆಯನ್ನು ನಮ್ಮಲ್ಲಿ ಯಾವಾಗಲೂ ನೋಡಬೇಕು. ವೈರಿನ ಕಟ್ಟು ಬಾಡಿಯ ಅಂಚನ್ನು ಮುಟ್ಟುವ ಜಾಗ, ಬ್ಯಾಟರಿ ಟ್ರೇ ಕೆಳಗೆ, ಬಂಪರ್ ಹಿಂದೆ ಟಾರ್ಚ್ ಹಾಕಿ ಹುಡುಕಿ. ಇಸಿಯು ಒಳಗೆ ರಿಲೇಗೆ ಅರ್ತ್ ಕೊಡುವ ಸರ್ಕ್ಯೂಟೇ ಸುಟ್ಟಿರುವುದು ಅಪರೂಪ. ಅದನ್ನು ಕಟ್ಟಕಡೆಯಲ್ಲಿ, ತಿಳಿದ ಆಟೋ ಎಲೆಕ್ಟ್ರಿಷಿಯನ್ ಕೈಯಿಂದಲೇ ಖಚಿತ ಮಾಡಿಕೊಳ್ಳಿ.

ಡೈರೆಕ್ಟ್ ಮಾಡಿದ ಫ್ಯಾನ್

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ಮೊದಲೇ ನೋಡಿ. ಸೆನ್ಸರ್ ತೊಂದರೆ ಹುಡುಕುವ ತಾಳ್ಮೆ ಇಲ್ಲದ ಕಡೆ ಫ್ಯಾನನ್ನು ಇಗ್ನಿಷನ್ ಲೈನಿಗೆ ನೇರ ಸೇರಿಸಿ ಕೊಡುವುದು ನಮ್ಮ ಕಡೆ ಬಹಳ ಇದೆ. ಕೀ ಆನ್ ಮಾಡಿದರೆ ಫ್ಯಾನ್ ಆನ್, ಅಷ್ಟೇ. ಫ್ಯಾನ್ ಪ್ಲಗ್ ಹತ್ತಿರ ಕಂಪನಿಯ ವೈರಿಗೆ ಹೊಂದದ ಬಣ್ಣದ ವೈರ್, ಕಪ್ಪು ಟೇಪ್ ಸುತ್ತಿದ ಜಾಯಿಂಟ್, ಫ್ಯೂಸ್ ಬಾಕ್ಸ್‌ನಿಂದ ಹೊರಗೆ ಬಂದ ಒಂಟಿ ವೈರ್ ಕಂಡರೆ ಗೊತ್ತಾಯಿತಲ್ಲ.

ಥರ್ಮೋಸ್ಟಾಟ್ ಸರಿ ಇದ್ದರೆ ಇದರಿಂದ ಇಂಜಿನ್ ತೀರಾ ತಣ್ಣಗೇನೂ ಆಗುವುದಿಲ್ಲ. ಅಪಾಯ ಬೇರೆ ಕಡೆ ಇದೆ. ಫ್ಯಾನ್ ಹತ್ತರಿಂದ ಇಪ್ಪತ್ತು ಆಂಪಿಯರ್ ಎಳೆಯುತ್ತದೆ. ರಿಲೇ, ಫ್ಯೂಸ್ ಇಲ್ಲದೆ ತೆಳ್ಳಗಿನ ವೈರಿನಲ್ಲಿ ಅಷ್ಟು ಕರೆಂಟ್ ಹರಿದರೆ ಇಗ್ನಿಷನ್ ಸ್ವಿಚ್ ಸುಡಬಹುದು, ವೈರೇ ಬೆಂಕಿ ಹಿಡಿಯಬಹುದು. ಕೂಲೆಂಟ್ ಕಡಿಮೆಯಾಗಿ ಇಂಜಿನ್ ಬಿಸಿಯಾಗತೊಡಗಿದರೂ ಫ್ಯಾನಿನ ಸದ್ದಿನಿಂದ ನಿಮಗೆ ಸುಳಿವು ಸಿಗುವುದಿಲ್ಲ. ಇದನ್ನು ಕಂಡರೆ ಬಿಚ್ಚಿಸಿ, ಕಂಪನಿ ವೈರಿಂಗ್‌ನಂತೆ ಮಾಡಿಸಿ, ಆಮೇಲೆ ಮೂಲ ತೊಂದರೆ ಹುಡುಕಿ. ಅದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಡೈರೆಕ್ಟ್ ಮಾಡುತ್ತಿರಲಿಲ್ಲ.

ಕೀ ಆನ್ ಮಾಡಿದ ಕೂಡಲೇ ತಿರುಗಿದರೆ: ಸೆನ್ಸರ್

ರಾತ್ರಿಯಿಡೀ ನಿಂತ ಕಾರಿಗೆ ಸ್ಕ್ಯಾನರ್ ಹಾಕಿ, ಕೀ ಆನ್ ಮಾಡಿ, ಕೂಲೆಂಟ್ ಟೆಂಪರೇಚರ್ ಮತ್ತು ಇಂಜಿನ್‌ಗೆ ಹೋಗುವ ಗಾಳಿಯ ಟೆಂಪರೇಚರ್ ಎರಡನ್ನೂ ನೋಡಿ. ಆ ಹೊತ್ತಿನಲ್ಲಿ ಎರಡೂ ಹೊರಗಿನ ಹವೆಯ ಹತ್ತಿರವೇ ಇರಬೇಕು. ಗಾಳಿ 20 ಡಿಗ್ರಿ, ಕೂಲೆಂಟ್ 22 ಇದ್ದರೆ ಸರಿ. ಗಾಳಿ 20, ಕೂಲೆಂಟ್ 60 ಅಂತ ತೋರಿಸಿದರೆ ಸೆನ್ಸರ್ ತಪ್ಪು ಹೇಳುತ್ತಿದೆ. ಮೈನಸ್ 40 ಅಂತ ಬಂದರೆ ಲೈನ್ ತುಂಡಾಗಿದೆ, 130-140 ಅಂತ ಬಂದರೆ ಶಾರ್ಟ್ ಆಗಿದೆ. ಕೆಲವು ಇಸಿಯುಗಳು ತಪ್ಪು ಕಂಡಾಗ ಒಂದು ಸುಳ್ಳು ಅಂಕಿ, ಉದಾಹರಣೆಗೆ 80, ಹಾಕಿಕೊಂಡು ಅದನ್ನೇ ತೋರಿಸುತ್ತವೆ. ಆಗ ಸ್ಕ್ಯಾನರ್‌ನಲ್ಲಿ ಕೋಡ್, ಅಂದರೆ ಇಸಿಯು ಬರೆದಿಟ್ಟುಕೊಂಡ ತಪ್ಪಿನ ನಂಬರ್, ನೋಡಬೇಕು. ಪಿ0117 ಅಂದರೆ ಸಿಗ್ನಲ್ ವೋಲ್ಟ್ ತೀರಾ ಕಡಿಮೆ, ಹೆಚ್ಚಾಗಿ ಶಾರ್ಟ್. ಪಿ0118 ಅಂದರೆ ತೀರಾ ಜಾಸ್ತಿ, ಹೆಚ್ಚಾಗಿ ಲೈನ್ ಕಟ್. ಪಿ0119 ಅಂದರೆ ಆಗಾಗ ಕಡಿಯುವ ಲೈನ್, ಬಹುಪಾಲು ಪ್ಲಗ್ ಸಡಿಲ. ಪಿ0480 ಫ್ಯಾನ್ ಕಂಟ್ರೋಲ್ ಲೈನಿನದು, ಆಗ ರಿಲೇ ಕಡೆಗೆ ಹೋಗಿ.

ಕೋಡ್ ಬಂತು ಅಂತ ಸೆನ್ಸರ್ ಕೊಳ್ಳಲು ಓಡಬೇಡಿ. ಅದು ಲೈನಿನ ತಪ್ಪು ಹೇಳುತ್ತದೆಯೇ ಹೊರತು ಸೆನ್ಸರಿನದ್ದೇ ಅಂತಲ್ಲ. ಪ್ಲಗ್ ಕಿತ್ತು ಒಳಗೆ ನೋಡಿ. ವಾಟರ್ ಸರ್ವಿಸ್ ಮಾಡಿಸುವಾಗ ಬಾನೆಟ್ ಒಳಗೆ ಪ್ರೆಶರ್ ನೀರು ಹೊಡೆಸಿದ ಕಾರುಗಳಲ್ಲಿ ಪಿನ್ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಲೈನ್ ಪರೀಕ್ಷೆ. ಪ್ಲಗ್ ಕಿತ್ತು ಕೀ ಆನ್ ಮಾಡಿ, ಪ್ಲಗ್‌ನ ಎರಡು ಪಿನ್ ನಡುವೆ 5 ವೋಲ್ಟ್ ಹತ್ತಿರ ಬರಬೇಕು. ಈಗ ಸ್ಕ್ಯಾನರ್ ಮೈನಸ್ 40 ತೋರಿಸಬೇಕು. ಚಿಕ್ಕ ವೈರಿನಿಂದ ಆ ಎರಡು ಪಿನ್ ಸೇರಿಸಿದರೆ 130ಕ್ಕಿಂತ ಮೇಲೆ ಹಾರಬೇಕು. ಎರಡೂ ಆದರೆ ವೈರಿಂಗ್, ಇಸಿಯು ಸರಿ ಇವೆ, ತಪ್ಪು ಸೆನ್ಸರಿನದೇ. ಅಂಕಿ ಅಲ್ಲಾಡದಿದ್ದರೆ ವೈರ್ ಹುಡುಕಿ. ಇದು ಎರಡು ಪಿನ್‌ನ ಕೂಲೆಂಟ್ ಸೆನ್ಸರಿಗೆ ಮಾತ್ರ. ಪಕ್ಕದ ಬೇರೆ ಯಾವುದೋ ಪ್ಲಗ್‌ನ ಪಿನ್ ಸೇರಿಸಿದರೆ ದೊಡ್ಡ ಹಾನಿ ಆಗಬಹುದು. ಪ್ಲಗ್ ಕಿತ್ತಾಗ ಫ್ಯಾನ್ ತಿರುಗುತ್ತಲೇ ಇದ್ದರೆ ಗಾಬರಿ ಬೇಡ, ಅದು ಇಸಿಯುವಿನ ಮುನ್ನೆಚ್ಚರಿಕೆ.

ಬಿಚ್ಚಿದ ಸೆನ್ಸರನ್ನು ಒಲೆಯ ಮೇಲೂ ಪರೀಕ್ಷಿಸಬಹುದು. ಅಡುಗೆಗೆ ಮತ್ತೆ ಬಳಸದ ಪಾತ್ರೆ ತೆಗೆದುಕೊಳ್ಳಿ, ಸೆನ್ಸರ್ ಮೇಲೆ ಕೂಲೆಂಟ್ ಇರುತ್ತದೆ. ಲೋಹದ ತುದಿ ಮಾತ್ರ ಮುಳುಗುವಂತೆ, ತಳ ಮುಟ್ಟದಂತೆ ದಾರದಲ್ಲಿ ನೇತುಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಹಲವು ಸೆನ್ಸರ್‌ಗಳು 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80ರಲ್ಲಿ ಮುನ್ನೂರರ ಆಸುಪಾಸು ತೋರಿಸುತ್ತವೆ. ನೀರು ಬಿಸಿಯಾದ ಹಾಗೆ ಅಂಕಿ ಒಂದೇ ಸಮನೆ ಇಳಿಯುತ್ತಾ ಹೋಗಬೇಕು. ನಡುವೆ ಸಟ್ಟನೆ ಹಾರಿದರೆ, ಒಂದೇ ಕಡೆ ನಿಂತುಬಿಟ್ಟರೆ ಸೆನ್ಸರ್ ಕೆಟ್ಟಿದೆ.

ಹಳೆಯ ಕೆಲವು ಕಾರುಗಳಲ್ಲಿ ಇಸಿಯು ಫ್ಯಾನಿನ ವಿಷಯಕ್ಕೆ ಬರುವುದೇ ಇಲ್ಲ. ರೇಡಿಯೇಟರ್ ಅಥವಾ ಥರ್ಮೋಸ್ಟಾಟ್ ಹತ್ತಿರ ಒಂದು ಥರ್ಮೋ ಸ್ವಿಚ್ ಇದ್ದು, ಬಿಸಿಯಾದಾಗ ಕರೆಂಟ್ ಸೇರಿಸುತ್ತದೆ. ಅಂಥದ್ದರಲ್ಲಿ ಸ್ವಿಚ್‌ನ ವೈರ್ ಕಿತ್ತಾಗ ಫ್ಯಾನ್ ನಿಂತರೆ ಸ್ವಿಚ್ ಒಳಗೇ ಅಂಟಿದೆ. ಅದನ್ನು ಬದಲಾಯಿಸಿದರೆ ಆಯಿತು.

ಏಸಿ ಕಡೆಯಿಂದ ಬರುವ ಆರ್ಡರ್

ಏಸಿ ಆಫ್ ಇದ್ದೂ ಕಂಪ್ರೆಸರ್ ಓಡುತ್ತಿದೆಯಾ ಅಂತ ಇಂಜಿನ್ ಚಾಲೂ ಇಟ್ಟು ದೂರದಿಂದ ಟಾರ್ಚ್ ಹಾಕಿ ನೋಡಿ. ಬೆಲ್ಟ್ ಸುತ್ತಿದ ಪುಲ್ಲಿ ಯಾವಾಗಲೂ ತಿರುಗುತ್ತದೆ. ಅದರ ನಡುವಿನ ಪ್ಲೇಟ್ ಏಸಿ ಹಾಕಿದಾಗ ಮಾತ್ರ ತಿರುಗಬೇಕು. ಏಸಿ ಆಫ್ ಇದ್ದೂ ಅದು ತಿರುಗುತ್ತಿದ್ದರೆ ಏಸಿ ರಿಲೇ ಅಂಟಿದೆ ಅಥವಾ ಕ್ಲಚ್ ಬಿಡುತ್ತಿಲ್ಲ. ಕ್ಲಚ್ಚೇ ಇಲ್ಲದ ಹೊಸ ಮಾದರಿಯ ಕಂಪ್ರೆಸರ್‌ಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಗ್ಯಾಸ್ ಒತ್ತಡದ ಸೆನ್ಸರ್ ಕೆಟ್ಟರೂ ಕೆಲವು ಕಾರುಗಳು ಫ್ಯಾನನ್ನು ಪೂರ್ತಿ ವೇಗದಲ್ಲಿ ಇಡುತ್ತವೆ. ಪಿ0532, ಪಿ0533 ಕೋಡ್‌ಗಳು ಅದರ ಗುರುತು. ಗ್ಯಾಸ್ ಕೆಲಸವನ್ನು ಮನೆಯಲ್ಲಿ ಮಾಡಬೇಡಿ.

ಬಿಸಿಯಾದ ಮೇಲೆ ನಿಲ್ಲದಿದ್ದರೆ: ಇಂಜಿನ್ ಮಾತು ಕೇಳಿ

ಸ್ಕ್ಯಾನರ್ ನೂರಕ್ಕಿಂತ ಮೇಲೆ ತೋರಿಸುತ್ತಿದ್ದರೆ, ಫ್ಯಾನ್ ಎಷ್ಟು ತಿರುಗಿದರೂ ಇಳಿಯದಿದ್ದರೆ, ಫ್ಯಾನ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಈಗ ಹುಡುಕಬೇಕಾದ್ದು ಬಿಸಿ ಯಾಕೆ ಹೊರಗೆ ಹೋಗುತ್ತಿಲ್ಲ ಅಂತ. ಹಲವು ಚಿಕ್ಕ ಕಾರುಗಳಲ್ಲಿ ಈಗ ಹೀಟ್ ಮೀಟರ್ ಇರುವುದಿಲ್ಲ, ಬರೀ ನೀಲಿ ಮತ್ತು ಕೆಂಪು ಲೈಟ್. ಕೆಂಪು ಹೊತ್ತುವ ತನಕ ಕಾಯುವುದು ತಡವಾದೀತು.

ತಣ್ಣಗಿದ್ದಾಗ ಕೂಲೆಂಟ್ ಬಾಟಲಿಯ ಮಟ್ಟ ನೋಡಿ. ಮಿನ್ ಗೆರೆಯ ಕೆಳಗಿದ್ದರೆ ಎಲ್ಲೋ ಸೋರುತ್ತಿದೆ. ಒಳಗಿರುವುದು ಬಣ್ಣದ ಕೂಲೆಂಟಾ, ಕಂದು ನೀರಾ? ಬೋರ್‌ವೆಲ್ ನೀರು ತುಂಬುತ್ತಾ ಬಂದ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಉಪ್ಪು ಕಟ್ಟಿ ಹರಿವೇ ನಿಂತಿರುತ್ತದೆ. ಬರೀ ನೀರಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಗೆ. ರೇಡಿಯೇಟರ್ ಕ್ಯಾಪ್ ಒಳಗಿನ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದು ಏರಿಸುತ್ತದೆ. ಅದರ ರಬ್ಬರ್ ಒಡೆದಿದ್ದರೆ ಫ್ಯಾನ್ ಶುರುವಾಗುವ ಹೊತ್ತಿಗೇ ನೀರು ಕುದಿಯುತ್ತಿರುತ್ತದೆ. ಕ್ಯಾಪ್ ಅಗ್ಗದ ವಸ್ತು. ಅನುಮಾನವಿದ್ದರೆ ಅದೇ ಒತ್ತಡದ ಹೊಸದು ಹಾಕಿ.

ಆಮೇಲೆ ಜಾಲರಿ. ಮುಂದೆ ಏಸಿ ಕಂಡೆನ್ಸರ್, ಹಿಂದೆ ರೇಡಿಯೇಟರ್. ಮುಂದಿನಿಂದ ನೋಡಿದರೆ ಸ್ವಚ್ಛವಾಗಿ ಕಾಣುತ್ತದೆ, ಎರಡರ ನಡುವಿನ ಸಂದಿಯಲ್ಲಿ ಹುಳ, ಕೆಂಪು ಧೂಳು, ರಸ್ತೆ ಮೇಲೆ ಒಕ್ಕಣೆಗೆ ಹಾಕಿದ ರಾಗಿ, ಹುರುಳಿಯ ಹೊಟ್ಟು ತುಂಬಿರುತ್ತದೆ. ಫ್ಯಾನ್ ಕಡೆಯಿಂದ ಹೊರಕ್ಕೆ ಕಡಿಮೆ ಒತ್ತಡದ ನೀರು ಬಿಡಿ. ಪ್ರೆಶರ್ ಗನ್ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಫ್ಯಾನ್ ಅಥವಾ ಮೋಟರ್ ಇತ್ತೀಚೆಗೆ ಬದಲಾಯಿಸಿದ್ದರೆ ಅದು ತಿರುಗುವ ದಿಕ್ಕು ನೋಡಿ. ಫ್ಯಾನ್ ರೇಡಿಯೇಟರ್ ಹಿಂದೆ ಇರುವ ಕಾರುಗಳಲ್ಲಿ ಅದು ಗಾಳಿಯನ್ನು ಇಂಜಿನ್ ಕಡೆಗೆ ಎಳೆಯಬೇಕು. ಗ್ರಿಲ್ ಮುಂದೆ ಒಂದು ಹಾಳೆ ಹಿಡಿದರೆ ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಮೋಟರಿನ ಎರಡು ವೈರ್ ಅದಲು ಬದಲಾಗಿವೆ. ಓಡುವಾಗ ಎದುರುಗಾಳಿಯ ವಿರುದ್ಧ, ನಿಂತಾಗ ಅರೆಬರೆ ತಂಪು, ಹಾಗಾಗಿ ಫ್ಯಾನಿಗೆ ಬಿಡುವೇ ಇಲ್ಲ.

ಥರ್ಮೋಸ್ಟಾಟ್ ನೋಡಲು ರೇಡಿಯೇಟರ್‌ನ ಮೇಲಿನ ಮತ್ತು ಕೆಳಗಿನ ಹೋಸ್ ಸಾಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಮುಟ್ಟುವ ಅಗತ್ಯವೂ ಇಲ್ಲ. ಇಂಜಿನ್ ಬಿಸಿಯಾಗಿದ್ದೂ ಮೇಲಿನ ಹೋಸ್ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಅಥವಾ ಗಾಳಿ ಸಿಕ್ಕಿದೆ. ಮೇಲಿನದು ಸುಡುತ್ತಿದ್ದು ಕೆಳಗಿನದು ತೀರಾ ತಣ್ಣಗಿದ್ದರೆ ರೇಡಿಯೇಟರ್ ಒಳಗೆ ಕಟ್ಟಿರಬಹುದು. ಎರಡೂ ಸಮ ಬಿಸಿ ಇದ್ದರೆ ಜಾಲರಿಯಿಂದ ಬಿಸಿ ಹೊರಹೋಗುತ್ತಿಲ್ಲ. ನಮ್ಮ ಹವೆಗೆ ಥರ್ಮೋಸ್ಟಾಟ್ ಬೇಡ ಅಂತ ಕಿತ್ತು ಹಾಕುವವರೂ ಇದ್ದಾರೆ. ಅದನ್ನು ಒಪ್ಪಬೇಡಿ. ಇಂಜಿನ್ ಬೇಕಾದ ಬಿಸಿಗೆ ಬರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಪಿ0128 ಕೋಡ್ ಬಂದು ಕೆಲವು ಕಾರುಗಳಲ್ಲಿ ಅದರಿಂದಲೇ ಫ್ಯಾನ್ ಸದಾ ಚಾಲೂ ಆಗುತ್ತದೆ.

ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಬಾಟಲಿಯಲ್ಲಿ ನಿಲ್ಲದೆ ಗುಳ್ಳೆ ಬಂದರೆ, ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲಿನ ಭಾಗವಾದ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿರಬಹುದು. ಅಲ್ಲಿಗೇ ನಿಲ್ಲಿಸಿ, ಟೋ ಮಾಡಿಸಿ. ನಿಧಾನಕ್ಕೆ ಓಡಿಸಿಕೊಂಡು ಹೋಗೋಣ ಅಂದರೆ ಹೆಡ್ ಬಾಗಿ ಖರ್ಚು ಹಲವು ಪಟ್ಟು ಆಗುತ್ತದೆ.

ಎರಡು ವೇಗದ ಫ್ಯಾನ್, ಮಾಡ್ಯೂಲ್ ಫ್ಯಾನ್

ಎರಡು ವೇಗದ ಫ್ಯಾನಿನಲ್ಲಿ ಕಡಿಮೆ ವೇಗಕ್ಕೆ ಒಂದು ರೆಸಿಸ್ಟರ್ ಇರುತ್ತದೆ, ಹೆಚ್ಚಾಗಿ ಫ್ಯಾನಿನ ಚೌಕಟ್ಟಿನ ಮೇಲೆ. ಅದು ಸುಟ್ಟರೆ ನಿಧಾನದ ವೇಗ ಇಲ್ಲವಾಗುತ್ತದೆ. ಬಿಸಿ ಜಾಸ್ತಿಯಾದ ಮೇಲೆ ಒಮ್ಮೆಲೇ ಪೂರ್ತಿ ವೇಗದಲ್ಲಿ ಶುರುವಾಗಿ ತುಂಬಾ ಹೊತ್ತು ಅರಚುತ್ತದೆ. ಯಾವಾಗಲೂ ತಿರುಗುತ್ತದೆ ಅನ್ನುವ ದೂರಿನಲ್ಲಿ ಇದೂ ಒಂದು.

ಮಾಡ್ಯೂಲ್ ಇರುವ ಫ್ಯಾನಿಗೆ ಎರಡು ದಪ್ಪ ವೈರ್, ಜೊತೆಗೆ ಸಿಗ್ನಲ್ಲಿಗೆ ತೆಳು ವೈರ್ ಇರುತ್ತವೆ. ಸಿಗ್ನಲ್ ಸಿಗದಿದ್ದರೆ ಹಲವು ಮಾಡ್ಯೂಲ್‌ಗಳು ಮುನ್ನೆಚ್ಚರಿಕೆಗೆ ಪೂರ್ತಿ ವೇಗದಲ್ಲಿ ಓಡುತ್ತವೆ. ಸ್ಕ್ಯಾನರ್ ಹತ್ತು ಪರ್ಸೆಂಟ್ ಅಂತ ತೋರಿಸುತ್ತಿದ್ದು ಫ್ಯಾನ್ ಪೂರ್ತಿ ಓಡುತ್ತಿದ್ದರೆ ಮೊದಲು ಆ ತೆಳು ವೈರ್, ಅದರ ಪ್ಲಗ್ ನೋಡಿ, ಆಮೇಲೆ ಮಾಡ್ಯೂಲ್. ಮೋಟರಿನ ಜೊತೆ ಒಂದೇ ಸೆಟ್ಟಾಗಿ ಬರುವ ಕಾರುಗಳಲ್ಲಿ ಮಾತ್ರ ಇಡೀ ಫ್ಯಾನ್ ಬದಲಾಯಿಸಬೇಕಾಗುತ್ತದೆ.

ರಾತ್ರಿ ಹೊತ್ತು ಫ್ಯಾನ್ ನಿಲ್ಲದಿದ್ದರೆ

ಗ್ಯಾರೇಜ್ ಮುಚ್ಚಿದೆ, ಫ್ಯಾನ್ ನಿಲ್ಲುತ್ತಿಲ್ಲ. ಚಿಕ್ಕ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಯಿಂದ ಫ್ಯಾನ್ 12 ಆಂಪಿಯರ್ ಎಳೆದರೆ ಮೂರು ಗಂಟೆಯೊಳಗೆ ಬ್ಯಾಟರಿ ಖಾಲಿ. ಹತ್ತು ಹದಿನೈದು ನಿಮಿಷ ಕಾದು, ಇಂಜಿನ್ ತಣ್ಣಗಾದ ಮೇಲೆ ಫ್ಯಾನ್ ರಿಲೇ ಕಿತ್ತು ಡ್ಯಾಶ್‌ಬೋರ್ಡ್ ಮೇಲೆ ಕಣ್ಣಿಗೆ ಬೀಳುವಂತೆ ಇಡಿ. ಬೆಳಗ್ಗೆ ಅದನ್ನು ಹಾಕದೆ ಸ್ಟಾರ್ಟ್ ಮಾಡಬೇಡಿ. ಸ್ಟೀರಿಂಗ್‌ಗೆ ಒಂದು ಚೀಟಿ ಅಂಟಿಸಿದರೆ ಮನೆಯವರು ಯಾರಾದರೂ ಕಾರು ತೆಗೆದರೂ ಗೊತ್ತಾಗುತ್ತದೆ.

ಸರಿಯಾಯಿತು ಅಂತ ಹೇಳುವ ಮೊದಲು

ಕೂಲೆಂಟ್ ಲೈನ್ ಬಿಚ್ಚಿದ್ದರೆ ಗಾಳಿ ತೆಗೆಯಲೇಬೇಕು. ಸೆನ್ಸರಿನ ತುದಿಗೆ ಗಾಳಿ ಗುಳ್ಳೆ ಸಿಕ್ಕಿದರೆ ಹೊಸ ಸೆನ್ಸರೂ ತಪ್ಪು ಅಂಕಿ ಕೊಡುತ್ತದೆ. ಕೋಡ್ ಅಳಿಸಿ, ಏಸಿ ಆಫ್ ಇಟ್ಟು ನಿಂತಲ್ಲೇ ಇಂಜಿನ್ ಚಾಲೂ ಬಿಡಿ. ಸ್ಕ್ಯಾನರ್‌ನಲ್ಲಿ ಅಂಕಿ ನಿಧಾನಕ್ಕೆ 85, 90, 95 ಏರಬೇಕು. ಫ್ಯಾನ್ ಶುರುವಾಗಬೇಕು, ನಾಲ್ಕೈದು ಡಿಗ್ರಿ ಇಳಿಯಬೇಕು, ಫ್ಯಾನ್ ನಿಲ್ಲಬೇಕು. ಮತ್ತೆ ಏರಬೇಕು, ಮತ್ತೆ ಶುರುವಾಗಬೇಕು. ಈ ಸುತ್ತು ಮೂರು ಸಲ ಸರಿಯಾಗಿ ಆಗುವ ತನಕ ಅಲ್ಲೇ ಇರಿ. ಆಮೇಲೆ ಏಸಿ ಹಾಕಿ, ಫ್ಯಾನ್ ಚಾಲೂ ಆಗಬೇಕು. ಏಸಿ ತೆಗೆದರೆ, ಇಂಜಿನ್ ಬಿಸಿ ಇಲ್ಲದಿದ್ದರೆ, ನಿಲ್ಲಬೇಕು.

ಗ್ಯಾರೇಜಿನಲ್ಲಿ ಮಾಡಿಸಿದ್ದರೂ ಇದನ್ನು ನಿಮ್ಮೆದುರಿಗೇ ತೋರಿಸಲು ಕೇಳಿ, ಕಿತ್ತ ಹಳೆಯ ಪಾರ್ಟ್ ವಾಪಸ್ ತೆಗೆದುಕೊಳ್ಳಿ. ಮಾರನೇ ಬೆಳಗ್ಗೆ ತಣ್ಣಗಿನ ಇಂಜಿನ್‌ನಲ್ಲಿ ಕೂಲೆಂಟ್ ಬಾಟಲಿ ಇನ್ನೊಮ್ಮೆ ನೋಡಿ. ಸಿಕ್ಕಿದ್ದ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿದಿದ್ದರೆ ಅದೇ ಕೂಲೆಂಟ್ ಮ್ಯಾಕ್ಸ್ ಗೆರೆಯ ತನಕ ತುಂಬಿ. ಎರಡನೇ ದಿನವೂ ಇಳಿದರೆ ಸೋರಿಕೆ ಹುಡುಕಿ.